ಕೊಡಗಿನಲ್ಲಿ ತಯಾರಾಗಿ ಆಲ್ಪ್ಸ್‌ನಲ್ಲಿ ಓಡುವುದು ಹೇಗೆ? ಮಾಂಟ್ ಬ್ಲಾಂಕ್ ಸುತ್ತ ಆರು ದಿನ

ಇಲ್ಲಿನ ಓಟಗಾರರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ. 'ನಮ್ಮ ಜಿಲ್ಲೆಯಲ್ಲಿ ತಡಿಯಂಡಮೋಳ್‌ಗಿಂತ ಎತ್ತರದ ಬೆಟ್ಟ ಇಲ್ಲ. ಅದೂ 1,748 ಮೀಟರ್ ಅಷ್ಟೇ. ಆಲ್ಪ್ಸ್‌ನಲ್ಲಿ 2,500 ಮೀಟರ್ ಮೇಲೆ ಹೋಗಬೇಕು. ಕೊಡಗಿನಲ್ಲೇ ಇದ್ದುಕೊಂಡು ಅದಕ್ಕೆ ತಯಾರಾಗೋಕೆ ಆಗುತ್ತಾ?'

ಆಗುತ್ತೆ. ಎತ್ತರದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. 2,500 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟಕ್ಕಿಂತ ಕಾಲು ಭಾಗದಷ್ಟು ಕಡಿಮೆ ಇರುತ್ತದೆ. ಏದುಸಿರು ಬರುತ್ತದೆ, ಆಗ ನಡೆದರಾಯಿತು. ಆ ಎತ್ತರದಲ್ಲಿ ನೀವು ಇರುವುದು ಸ್ವಲ್ಪ ಹೊತ್ತು ಮಾತ್ರ, ರಾತ್ರಿ ಮಲಗುವುದು ಕೆಳಗೆ. ಜನ ಸೋಲುವುದು ಇಳಿಜಾರಿನಲ್ಲಿ. ಮೊದಲ ಎರಡು ದಿನ ಹುಮ್ಮಸ್ಸಿನಿಂದ ಓಡಿ ಇಳಿಯುತ್ತಾರೆ. ಮೂರನೇ ದಿನ ಬೆಳಿಗ್ಗೆ ತಂಗುಮನೆಯ ಮೆಟ್ಟಿಲನ್ನೇ ಇಳಿಯಲು ಆಗುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಜಾಸ್ತಿ ಜಾಗ ಇಳಿಯುವುದಕ್ಕೇ ಕೊಟ್ಟಿದ್ದೇನೆ.

ನಿಮಗೆ 21 ಕಿ.ಮೀ. ಆರಾಮಾಗಿ ಓಡಲು ಬರುತ್ತದೆ ಅಂತ ಅಂದುಕೊಂಡು ಬರೆಯುತ್ತಿದ್ದೇನೆ. ಬರದಿದ್ದರೆ ಮೊದಲು ಅದನ್ನು ಕಲಿಯಿರಿ, ಈ ದಾರಿಗೆ ಮುಂದಿನ ವರ್ಷ ಹೋಗಿ.

ಹಂತ 1: ದಾರಿ ಎಂಥದ್ದು ಅಂತ ತಿಳಿದುಕೊಳ್ಳಿ

ಮಾಂಟ್ ಬ್ಲಾಂಕ್ ಪರ್ವತದ ಸುತ್ತ ಒಂದು ಕಾಲುದಾರಿ ಇದೆ. ಉದ್ದ ಸುಮಾರು 170 ಕಿ.ಮೀ. ಫ್ರಾನ್ಸ್‌ನಲ್ಲಿ ಶುರುವಾಗಿ, ಇಟಲಿಗೆ ದಾಟಿ, ಸ್ವಿಟ್ಜರ್ಲೆಂಡ್ ಹೊಕ್ಕು, ಮತ್ತೆ ಫ್ರಾನ್ಸ್‌ಗೆ ಬರುತ್ತದೆ. ಶಿಖರ ಹತ್ತುವುದಿಲ್ಲ, ಅದಕ್ಕೆ ಒಂದು ಸುತ್ತು ಬರುತ್ತೀರಿ. ನಡೆಯುವವರು ಸಾಮಾನ್ಯವಾಗಿ 10–11 ದಿನ ತೆಗೆದುಕೊಳ್ಳುತ್ತಾರೆ. ಓಡುತ್ತಾ ನಡೆಯುತ್ತಾ ಹೋಗುವವರಿಗೆ 6 ದಿನ ಸರಿಯಾದ ಲೆಕ್ಕ.

ಕೆಲವು ಮಾತುಗಳ ಅರ್ಥ ಇಲ್ಲೇ ಹೇಳಿಬಿಡುತ್ತೇನೆ. 'ಒಟ್ಟು ಏರಿಕೆ' ಅಂದರೆ ದಾರಿಯುದ್ದಕ್ಕೂ ಹತ್ತಿದ್ದನ್ನೆಲ್ಲ ಕೂಡಿಸಿದ ಲೆಕ್ಕ. ಈ ದಾರಿಯಲ್ಲಿ ಅದು ಸುಮಾರು 10,000 ಮೀಟರ್. ಸಮುದ್ರ ಮಟ್ಟದಿಂದ ತಡಿಯಂಡಮೋಳ್ ತುದಿಗೆ ಹೆಚ್ಚುಕಡಿಮೆ ಆರು ಸಲ ಹತ್ತಿದಂತೆ. ಇದೊಂದು ಸುತ್ತುದಾರಿ, ಹಾಗಾಗಿ ಇಳಿಯುವುದೂ ಅಷ್ಟೇ. 'ಕೋಲ್' ಅಂದರೆ ಎರಡು ಶಿಖರಗಳ ನಡುವಿನ ತಗ್ಗು, ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವ ಜಾಗ. 'ರೆಫ್ಯೂಜ್' ಅಂದರೆ ಬೆಟ್ಟದ ಮೇಲಿನ ತಂಗುಮನೆ. 'ಹಾಫ್ ಬೋರ್ಡ್' ಅಂದರೆ ಹಾಸಿಗೆಯ ಜೊತೆ ರಾತ್ರಿ ಊಟ, ಬೆಳಗಿನ ತಿಂಡಿ ಸೇರಿದ ದರ.

ದಿನಕ್ಕೆ ಎಷ್ಟು ಹೊತ್ತು ಬೇಕು ಅಂತ ತಿಳಿಯಲು ನೇಸ್ಮಿತ್ ಲೆಕ್ಕ ಹಾಕಿ. ಸ್ಕಾಟ್ಲೆಂಡಿನ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇದು. 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಆರು ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 28 ಕಿ.ಮೀ., 1,650 ಮೀಟರ್ ಏರಿಕೆ. ಅಂದರೆ ಹತ್ತಿರ ಹತ್ತಿರ ಎಂಟೂವರೆ ಗಂಟೆ. 'ನಾನು ಓಡ್ತೀನಿ, ಐದು ಗಂಟೆ ಸಾಕು' ಅನ್ನಬೇಡಿ. ಓಡಿ ಉಳಿಸಿದ ಸಮಯವನ್ನು ನೀರು ತುಂಬುವುದು, ಜಾಕೆಟ್ ಹಾಕಿ ತೆಗೆಯುವುದು, ದಾರಿ ಹುಡುಕುವುದು ತಿಂದುಹಾಕುತ್ತವೆ.

ಹಂತ 2: ತಿಂಗಳು, ವೀಸಾ, ಹಾಸಿಗೆ

ಈ ದಾರಿಗೆ ಕಾಲ ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ. ಜುಲೈ ಮೊದಲ ವಾರದವರೆಗೂ ಎತ್ತರದ ಕೋಲ್‌ಗಳಲ್ಲಿ ಹಿಮ ಉಳಿದಿರುವುದುಂಟು. ಹಿಮ ಕಂಡಿರದ ನಾವು ಜೂನ್‌ನಲ್ಲಿ ಹೋಗುವುದು ಬೇಡ. ಆಗಸ್ಟ್ ಕೊನೆಯ ವಾರ ಇದೇ ಪರ್ವತದ ಸುತ್ತ ದೊಡ್ಡ ಓಟದ ಸ್ಪರ್ಧೆ ನಡೆಯುತ್ತದೆ. 2003ರಲ್ಲಿ ಶುರುವಾದ ಈ ಸ್ಪರ್ಧೆಯ ವಾರ ಊರೆಲ್ಲ ತುಂಬಿ ತುಳುಕುತ್ತದೆ, ಹಾಸಿಗೆ ಸಿಗುವುದಿಲ್ಲ.

ನನ್ನ ಪ್ರಕಾರ ನಮಗೆ ಒಳ್ಳೆಯದು ಸೆಪ್ಟೆಂಬರ್ ಮೊದಲ ಹದಿನೈದು ದಿನ. 3ನೇ ತಾರೀಖು ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಮುಗಿಸಿ ಮರುದಿನ ಹೊರಟರೂ ಆಗುತ್ತದೆ. ಅದಕ್ಕಿಂತ ತಡ ಮಾಡಬೇಡಿ, ತಂಗುಮನೆಗಳು ಒಂದೊಂದಾಗಿ ಮುಚ್ಚುತ್ತಾ ಬರುತ್ತವೆ.

ಹಾಸಿಗೆಯನ್ನು ಹಿಂದಿನ ವರ್ಷದ ಅಕ್ಟೋಬರ್-ನವೆಂಬರ್‌ನಿಂದಲೇ ಹುಡುಕಲು ಶುರುಮಾಡಿ. ಎಲ್ಲ ರಾತ್ರಿಯನ್ನೂ ಒಟ್ಟಿಗೆ ಹೊಂದಿಸಬೇಕು. ಒಂದು ಜಾಗ ಸಿಕ್ಕದಿದ್ದರೆ ಇಡೀ ಲೆಕ್ಕ ಬದಲಾಗುತ್ತದೆ. ಎತ್ತರದ ತಂಗುಮನೆಗಳು ಮೊದಲು ತುಂಬುತ್ತವೆ, ಅವನ್ನು ಮೊದಲು ಹಿಡಿದುಕೊಳ್ಳಿ. ಊರಿನ ಹಾಸಿಗೆ ಆಮೇಲೂ ಸಿಗುತ್ತದೆ. ನೀವು ಸಸ್ಯಾಹಾರಿಯಾದರೆ ಕಾಯ್ದಿರಿಸುವಾಗಲೇ ಹೇಳಿ.

ವೀಸಾ ಒಂದೇ ಸಾಕು, ಷೆಂಗೆನ್ ವೀಸಾ. ಮೂರೂ ದೇಶಕ್ಕೆ ನಡೆಯುತ್ತದೆ. ಯಾವ ದೇಶದಲ್ಲಿ ಜಾಸ್ತಿ ರಾತ್ರಿ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ಈ ದಾರಿಗೆ ಅದು ಹೆಚ್ಚಾಗಿ ಫ್ರಾನ್ಸ್ ಆಗುತ್ತದೆ. ವಿಮಾನ ಇಳಿಯುವುದು ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಅಂತ ಸುಮ್ನೆ ಅಲ್ಲಿಗೆ ಅರ್ಜಿ ಹಾಕಿ ತೊಂದರೆ ಮಾಡಿಕೊಳ್ಳಬೇಡಿ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ತೆಗೆದುಕೊಳ್ಳುತ್ತಾರೆ.

ವೀಸಾಗೆ ಕನಿಷ್ಠ 30,000 ಯೂರೋ ವಿಮೆ ಕೇಳುತ್ತಾರೆ. ಇಲ್ಲಿ ತುಂಬಾ ಜನ ಎಡವುತ್ತಾರೆ. ಅಗ್ಗದ ಪಾಲಿಸಿಗಳಲ್ಲಿ ಬೆಟ್ಟದ ಓಟ, ಹೆಲಿಕಾಪ್ಟರ್ ರಕ್ಷಣೆ ಸೇರಿರುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಹೆಲಿಕಾಪ್ಟರ್ ಬಂದರೆ ಬಿಲ್ ನಿಮ್ಮ ಹೆಸರಿಗೇ ಬರುತ್ತದೆ. ಎಷ್ಟು ಮೀಟರ್ ಎತ್ತರದವರೆಗೆ ರಕ್ಷಣೆ ಇದೆ ಅಂತ ಪಾಲಿಸಿಯಲ್ಲಿ ಓದಿಯೇ ಹಣ ಕಟ್ಟಿ.

ಹಂತ 3: ಕಾಲು ತಯಾರು ಮಾಡುವುದು

ಸೆಪ್ಟೆಂಬರ್ ಮೊದಲ ವಾರ ಹೊರಡುವವರು ಮಾರ್ಚ್ ಮಧ್ಯದಲ್ಲಿ ಶುರುಮಾಡಿ. 24 ವಾರ ಸಿಗುತ್ತದೆ.

ಮೊದಲ 8 ವಾರ ವಾರಕ್ಕೆ ನಾಲ್ಕು ದಿನ ಓಡಿ. ಅದರಲ್ಲಿ ಒಂದು ಉದ್ದದ ಓಟ ಇರಲಿ. ವಾರದ ಒಟ್ಟು ಏರಿಕೆ 800ರಿಂದ 1,000 ಮೀಟರ್. ಈ ಹಂತಕ್ಕೆ ಭಾಗಮಂಡಲದಿಂದ ತಲಕಾವೇರಿಗೆ ಹೋಗುವ 8 ಕಿ.ಮೀ. ರಸ್ತೆ ಚೆನ್ನಾಗಿದೆ, ಬಿಡದೆ ಏರುತ್ತಲೇ ಹೋಗುತ್ತದೆ. ಬೆಳಿಗ್ಗೆ ಬಸ್ಸು, ಕಾರು ಶುರುವಾಗುವ ಮುಂಚೆ ಮುಗಿಸಿ. ಸಂಪಾಜೆ ಘಾಟಿ ಉದ್ದದ ಇಳಿಜಾರು ಅಂತ ಆಸೆಯಾಗಬಹುದು. ಲಾರಿ, ತಿರುವು, ಮಂಜು ಮೂರೂ ಸೇರಿದ ಆ ಹೆದ್ದಾರಿಯಲ್ಲಿ ದಯವಿಟ್ಟು ಓಡಬೇಡಿ.

ಮುಂದಿನ 10 ವಾರ, ಜುಲೈ ಕೊನೆಯವರೆಗೆ, ಏರಿಕೆಯನ್ನು ನಿಧಾನಕ್ಕೆ ವಾರಕ್ಕೆ 2,000 ಮೀಟರ್‌ಗೆ ಒಯ್ಯಿರಿ. ಮೂರು ವಾರಕ್ಕೊಮ್ಮೆ ಶನಿವಾರ, ಭಾನುವಾರ ಎರಡೂ ದಿನ ಉದ್ದ ಓಡಿ. ದಣಿದ ಕಾಲಲ್ಲಿ ಮತ್ತೆ ಎದ್ದು ಹೊರಡುವುದನ್ನು ಮೈಗೆ ಕಲಿಸಬೇಕಲ್ವಾ, ಅದಕ್ಕೆ.

ಕೊಡಗಿನವರ ನಿಜವಾದ ಕಷ್ಟ ಇಲ್ಲಿಂದ ಶುರು. ಜಾಸ್ತಿ ಓಡಬೇಕಾದ ದಿನಗಳು ಸರಿಯಾಗಿ ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಗೆ ಬಂದು ಬೀಳುತ್ತವೆ. ತಡಿಯಂಡಮೋಳ್, ಪುಷ್ಪಗಿರಿ, ಬ್ರಹ್ಮಗಿರಿ ಹಾದಿಗಳಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ಮಳೆಗಾಲದಲ್ಲಿ ಅವನ್ನು ಮುಚ್ಚುತ್ತಾರೆ, ಕೆಲವೊಮ್ಮೆ ಬೇಸಿಗೆಯಲ್ಲೂ ಕಾಡ್ಗಿಚ್ಚಿನ ಭಯಕ್ಕೆ ಮುಚ್ಚುತ್ತಾರೆ. ಕದ್ದು ಹೋಗುವ ಯೋಚನೆಯೇ ಬೇಡ. ತೆರೆದಿರುವಾಗ ಅನುಮತಿ ಪಡೆದು ಒಂದೆರಡು ಸಲ ಹೋಗಿಬನ್ನಿ. ದಿನನಿತ್ಯದ ತಯಾರಿ ಕಾಫಿ ತೋಟದಲ್ಲೇ ಆಗಬೇಕು.

ನಿಮ್ಮ ತೋಟದಲ್ಲೋ, ಕೇಳಿದರೆ ಬೇಡ ಅನ್ನದ ನೆಂಟರ ತೋಟದಲ್ಲೋ 100 ಮೀಟರ್ ಎತ್ತರ ಸಿಗುವ ಒಂದು ಜೀಪ್ ರಸ್ತೆ ಹುಡುಕಿ. ಕೆಳಗಿನ ಗದ್ದೆಯಿಂದ ಮೇಲಿನ ಗೇಟಿನವರೆಗೆ ಅಷ್ಟು ಎತ್ತರ ಇರುವ ತೋಟಗಳು ನಮ್ಮಲ್ಲಿ ಬೇಕಾದಷ್ಟಿವೆ. ಹತ್ತು ಸಲ ಹತ್ತಿ ಇಳಿದರೆ 1,000 ಮೀಟರ್ ಆಯಿತು. ಬೇಜಾರಿನ ಕೆಲಸ, ನಿಜ. ಆದರೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ. ಹತ್ತುವಾಗ ಬಿರುಸಾಗಿ ನಡೆಯಿರಿ, ಓಡುವುದು ಬೇಡ. ಗಮನವೆಲ್ಲ ಇಳಿಯುವುದರ ಮೇಲಿರಲಿ.

ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಭಾರ ತಡೆಯುತ್ತಲೇ ಹಿಗ್ಗುತ್ತದೆ. ಅದರಿಂದ ಒಳಗೆ ಸಣ್ಣ ಸಣ್ಣ ಸೀಳುಗಳಾಗುತ್ತವೆ. ನೋವು ತಕ್ಷಣ ಗೊತ್ತಾಗುವುದಿಲ್ಲ, ಒಂದೆರಡು ದಿನ ಬಿಟ್ಟು ಜೋರಾಗುತ್ತದೆ. ಮೂರನೇ ದಿನ ಜನ ಕುಂಟುವುದಕ್ಕೆ ಇದೇ ಕಾರಣ. ಸಮಾಧಾನದ ವಿಷಯ ಅಂದರೆ, ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅಂಥದೇ ಇಳಿಜಾರಿಗೆ ಅಷ್ಟು ನೋಯುವುದಿಲ್ಲ. ಅಂದರೆ ಆ ನೋವನ್ನು ಇಲ್ಲೇ, ಮನೆಯಲ್ಲೇ ತಿಂದು ಮುಗಿಸಿ ಹೋಗಬೇಕು.

ಇಳಿಯುವ ರೀತಿ ಹೀಗಿರಲಿ. ಹೆಜ್ಜೆ ಚಿಕ್ಕದು, ಬೇಗ ಬೇಗ. ಹಿಮ್ಮಡಿ ಊರಿ ಬ್ರೇಕ್ ಹಾಕಬೇಡಿ, ಪಾದದ ನಡುಭಾಗ ನೆಲ ಮುಟ್ಟಲಿ. ಮೊಣಕಾಲು ಸ್ವಲ್ಪ ಮಡಿಸಿಕೊಂಡೇ ಇರಲಿ. ಕೈ ಎರಡೂ ಬದಿಗೆ ಸಡಿಲ ಬಿಡಿ. ಕಣ್ಣು ಕಾಲಿನ ಮೇಲೆ ಬೇಡ, ಮೂರ್ನಾಲ್ಕು ಮೀಟರ್ ಮುಂದೆ ಇರಲಿ. ಹೆದರಿ ಹಿಂದಕ್ಕೆ ವಾಲಿದರೆ ಜಾರಿ ಬೀಳುವುದು ಖಂಡಿತ. ಪಾಚಿ ಕಟ್ಟಿದ ಕಲ್ಲು, ಒದ್ದೆ ಬೇರು, ಕೆಂಪು ಕೆಸರು, ಇವುಗಳ ಮೇಲೆ ಕಾಲಿಡುವುದು ನಮಗೆ ಚಿಕ್ಕಂದಿನಿಂದ ಗೊತ್ತು. ಆಲ್ಪ್ಸ್‌ನಲ್ಲಿ ಮಳೆ ಬಂದ ದಿನ ಬೇರೆಯವರು ತಡವರಿಸುವಾಗ ಈ ಅಭ್ಯಾಸ ನಿಮ್ಮ ಕೈ ಹಿಡಿಯುತ್ತದೆ.

ಆಗಸ್ಟ್‌ನಲ್ಲಿ ಒಮ್ಮೆ ಮೂರು ದಿನ ಸತತವಾಗಿ, ದಿನಕ್ಕೆ 20–25 ಕಿ.ಮೀ., 1,000 ಮೀಟರ್ ಏರಿಕೆ ಇರುವಂತೆ ಓಡಿ. ಅಲ್ಲಿಗೆ ಒಯ್ಯುವ ಚೀಲವನ್ನೇ ಅಷ್ಟೇ ಭಾರ ತುಂಬಿ ಹೊತ್ತುಕೊಂಡು ಓಡಬೇಕು. ಕೊನೆಯ ಎರಡು ವಾರ ಓಟವನ್ನು ಅರ್ಧಕ್ಕೆ ಇಳಿಸಿ ಕಾಲಿಗೆ ವಿಶ್ರಾಂತಿ ಕೊಡಿ. ಆಗ ಹೊಸದಾಗಿ ಏನೂ ಗಳಿಸಲು ಆಗುವುದಿಲ್ಲ.

ಇಲ್ಲಿ ಓಡುವಾಗ ಎರಡು ಎಚ್ಚರಿಕೆ. ಮೊದಲನೆಯದು ಆನೆ. ಬೆಳಕು ಪೂರ್ತಿ ಹರಿದ ಮೇಲೆ ಹೊರಡಿ, ಸಂಜೆ ಐದರೊಳಗೆ ಮನೆ ಸೇರಿ. ಕಿವಿಗೆ ಇಯರ್‌ಫೋನ್ ಬೇಡ. ತೋಟದ ಕೆಲಸದವರು 'ಇವತ್ತು ಆನೆ ಇದೆ' ಅಂದರೆ ಆ ದಿನ ಓಟ ಇಲ್ಲ, ವಾದ ಮಾಡಬೇಡಿ. ಎರಡನೆಯದು ಬರೆ ಕುಸಿತ, ಅಂದರೆ ಗುಡ್ಡ ಜರಿಯುವುದು. 2018ರ ಆಗಸ್ಟ್ ನಮಗ್ಯಾರಿಗೂ ಮರೆತಿಲ್ಲ. ರೆಡ್ ಅಲರ್ಟ್ ಇರುವ ದಿನ ಮನೆಯ ಮೆಟ್ಟಿಲು ಹತ್ತಿ ಇಳಿಯಿರಿ, ಸಾಕು.

ಹಂತ 4: ಚೀಲ ಮತ್ತು ಶೂ

ತಂಗುಮನೆಯಲ್ಲಿ ಹಾಸಿಗೆ, ಊಟ ಸಿಗುವುದರಿಂದ ಟೆಂಟ್, ಒಲೆ ಬೇಡ. ನೀರು ಸೇರಿ ಚೀಲ 5–6 ಕಿಲೋ ದಾಟಬಾರದು. ದಾಟಿದರೆ ಇಳಿಯುವಾಗ ಮೊಣಕಾಲು ಲೆಕ್ಕ ಕೇಳುತ್ತದೆ.

ಇವು ಇರಲೇಬೇಕು: ಟೋಪಿ ಇರುವ ಮಳೆ ಜಾಕೆಟ್, ಮಳೆ ಪ್ಯಾಂಟ್, ಬೆಚ್ಚನೆಯ ಒಂದು ಪದರ, ಕೈಗವಸು, ಹೆಡ್‌ಲ್ಯಾಂಪ್, ಸೀಟಿ, ಬೆಳ್ಳಿ ಬಣ್ಣದ ತುರ್ತು ಹೊದಿಕೆ, ಬ್ಯಾಂಡೇಜ್, ಒಂದೂವರೆ ಲೀಟರ್ ನೀರಿನ ವ್ಯವಸ್ಥೆ, ಪವರ್‌ಬ್ಯಾಂಕ್, ಫೋನಿನಲ್ಲಿ ನೆಟ್‌ವರ್ಕ್ ಇಲ್ಲದೆಯೂ ತೆರೆಯುವ ನಕ್ಷೆ. ಮಲಗಲು ಒಂದು ತೆಳು ಬಟ್ಟೆಯ ಚೀಲ. ಕಂಬಳಿ ತಂಗುಮನೆಯವರೇ ಕೊಡುತ್ತಾರೆ. ಮಡಚುವ ಊರುಗೋಲು ಎರಡು ಇದ್ದರೆ ಏರುವಾಗ, ಇಳಿಯುವಾಗ ತೊಡೆಗೆ ಭಾರ ಕಡಿಮೆ.

ನಮ್ಮ ಮಳೆಗೆ ಹಾಕುವ ದಪ್ಪ ರೇನ್‌ಕೋಟ್ ಅಲ್ಲಿಗೆ ಸಾಲದು. ನಮ್ಮಲ್ಲಿ ಒದ್ದೆಯಾದರೂ ಚಳಿ ತಡೆಯಬಹುದು. ಅಲ್ಲಿ 1,000 ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ, ಜೊತೆಗೆ ಗಾಳಿ. ಬೆವರಿನಲ್ಲಿ ನೆನೆದ ಬನಿಯನ್ನಿನಲ್ಲಿ ಕೋಲ್ ಮೇಲೆ ಫೋಟೋಗೆ ಅಂತ ಹತ್ತು ನಿಮಿಷ ನಿಂತರೆ ಬೆರಳು ಮರಗಟ್ಟುತ್ತವೆ. ತುದಿ ತಲುಪುವ ಐದು ನಿಮಿಷ ಮೊದಲೇ ಜಾಕೆಟ್ ಹಾಕಿಕೊಳ್ಳಿ.

ಶೂ ಅರ್ಧ ಸೈಜ್ ದೊಡ್ಡದಿರಲಿ, ದಿನವಿಡೀ ಓಡಿದರೆ ಪಾದ ಊದುತ್ತದೆ. ಹೊಸ ಶೂ ಹಾಕಿ ವಿಮಾನ ಹತ್ತಬೇಡಿ. ಲೇಸ್ ಕಟ್ಟುವುದರಲ್ಲೂ ಒಂದು ಉಪಾಯ ಇದೆ. ಶೂವಿನ ಮೇಲ್ತುದಿಯಲ್ಲಿ, ಕಣಕಾಲಿನ ಹತ್ತಿರ, ಸಾಮಾನ್ಯವಾಗಿ ಯಾರೂ ಬಳಸದ ಒಂದು ತೂತು ಇರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ಹೊರಗಿನಿಂದ ಒಳಗೆ ತೂರಿಸಿ, ಪೂರ್ತಿ ಎಳೆಯದೆ ಚಿಕ್ಕ ಉಂಗುರ ಬಿಡಿ. ಎರಡೂ ಬದಿಗೆ ಹೀಗೆ ಮಾಡಿ. ಈಗ ಎಡದ ತುದಿಯನ್ನು ಬಲದ ಉಂಗುರದಲ್ಲಿ, ಬಲದ ತುದಿಯನ್ನು ಎಡದ ಉಂಗುರದಲ್ಲಿ ಹಾಯಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿಕೊಂಡು ಬಿಗಿಯಾಗಿ ಎಳೆದು ಗಂಟು ಹಾಕಿ. ಹಿಮ್ಮಡಿ ಕೂತ ಜಾಗದಿಂದ ಅಲುಗುವುದಿಲ್ಲ, ಇಳಿಯುವಾಗ ಬೆರಳು ಶೂವಿನ ಮುಂದಕ್ಕೆ ಹೋಗಿ ಬಡಿಯುವುದಿಲ್ಲ. ನಾನು ಇದನ್ನು ತಡವಾಗಿ ಕಲಿತೆ. ಅಷ್ಟರಲ್ಲಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾಗಿ ಉದುರಿದ್ದವು. ಹೊರಡುವ ಮೂರು ದಿನ ಮೊದಲು ಉಗುರನ್ನು ಚಿಕ್ಕದಾಗಿ ಕತ್ತರಿಸಿಕೊಳ್ಳಿ.

ಸಂಜೆ ಶೂ ಒದ್ದೆಯಾಗಿದ್ದರೆ ಒಳಗಿನ ಅಟ್ಟೆ ತೆಗೆದು, ಹಳೆಯ ಪೇಪರ್ ಉಂಡೆ ಮಾಡಿ ತುರುಕಿ. ಊಟವಾದ ಮೇಲೆ ಒಮ್ಮೆ ಪೇಪರ್ ಬದಲಿಸಿ. ಒಲೆಗೆ ಒತ್ತಿ ಇಡಬೇಡಿ, ಅಂಟು ಬಿಡುತ್ತದೆ.

ಹಂತ 5: ತಿನ್ನುವುದು

ಗಂಟೆಗೆ 40ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಸಕ್ಕರೆ-ಪಿಷ್ಟದ ಅಂಶ, ಹೊಟ್ಟೆಗೆ ಬೀಳಬೇಕು. ಮಧ್ಯಮ ಗಾತ್ರದ ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ, ಪುಟ್ಟಬಾಳೆಯಲ್ಲಿ ಅದಕ್ಕಿಂತ ಕಡಿಮೆ. ಹಸಿವಾದ ಮೇಲೆ ತಿನ್ನೋಣ ಅಂತ ಕಾದರೆ ತಡವಾಯಿತು. ಓಡುತ್ತಾ ತಿನ್ನುವುದೂ ಒಂದು ಅಭ್ಯಾಸ. ತೋಟದ ಓಟದಲ್ಲೇ ಅರ್ಧ ಗಂಟೆಗೊಮ್ಮೆ ಚಿಕ್ಕಿ, ಬೆಲ್ಲ, ಬಾಳೆಹಣ್ಣು ತಿಂದು ಹೊಟ್ಟೆಯನ್ನು ಒಗ್ಗಿಸಿ. ಹಿಂದಿನ ರಾತ್ರಿ ಹೇಳಿದರೆ ತಂಗುಮನೆಯವರು ಮಧ್ಯಾಹ್ನಕ್ಕೆ ಬುತ್ತಿ ಕಟ್ಟಿಕೊಡುತ್ತಾರೆ. ಬ್ರೆಡ್ಡು, ಚೀಸ್ ಇರುತ್ತದೆ. ಅದಕ್ಕೂ ಮೊದಲೇ ನಾಲಿಗೆ ಒಗ್ಗಿಸಿಕೊಂಡರೆ ಒಳ್ಳೆಯದು.

ಮನೆಯಿಂದ ಚಿಕ್ಕಿ ಒಯ್ಯಿರಿ. ಆದರೆ ಹೊಗೆಯಲ್ಲಿ ಒಣಗಿಸಿದ ಹಂದಿ ಮಾಂಸ, ತುಪ್ಪ, ಹಾಲಿನ ಸಿಹಿ ಕಟ್ಟಿಕೊಳ್ಳಬೇಡಿ. ಹೊರದೇಶದಿಂದ ಮಾಂಸ, ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ. ಅಮ್ಮ ಎಷ್ಟು ಪ್ರೀತಿಯಿಂದ ಕಟ್ಟಿಕೊಟ್ಟರೂ ವಿಮಾನ ನಿಲ್ದಾಣದಲ್ಲಿ ಕಸದ ಬುಟ್ಟಿಗೆ ಹೋಗುತ್ತದೆ.

ನೀರನ್ನು ಹಳ್ಳಿಗಳ ತೊಟ್ಟಿ, ನಲ್ಲಿಗಳಲ್ಲಿ ತುಂಬಿಸಿಕೊಳ್ಳಬಹುದು. 'ನಾನ್ ಪೊಟಾಬ್ಲ್' ಅಂತ ಫಲಕ ಇದ್ದರೆ ಕುಡಿಯಬೇಡಿ. ದನ ಮೇಯುವ ಜಾಗದ ಕೆಳಗಿನ ತೊರೆ ನೀರೂ ಬೇಡ.

ಹಂತ 6: ಆರು ದಿನದ ದಾರಿ

ಹೆಚ್ಚಿನವರು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುತ್ತಾರೆ, ನೀವೂ ಹಾಗೇ ಹೋಗಿ. ಫ್ರೆಂಚ್ ಹೆಸರುಗಳನ್ನು ಬರೆದಂತೆ ಓದುವುದಿಲ್ಲ. ನಾನು ಇಲ್ಲಿ ಬರೆದಿರುವುದು ಉಚ್ಚಾರಕ್ಕೆ ಹತ್ತಿರದ್ದು. ಫಲಕದಲ್ಲಿ ಅಕ್ಷರ ಬೇರೆ ಕಾಣುತ್ತದೆ, ನಕ್ಷೆ ನೋಡಿ ಮೊದಲೇ ಹೊಂದಿಸಿಕೊಳ್ಳಿ.

ದಿನ 1. ಫ್ರಾನ್ಸಿನ ಶಾಮೊನಿ ಪಟ್ಟಣದ ಪಕ್ಕದ ಲೆ ಊಶ್ ಹಳ್ಳಿಯಿಂದ, 1,007 ಮೀಟರ್‌ನಿಂದ, ಶುರು. ಲೆ ಕೊಂತಮೀನ್ ದಾಟಿ ಕಣಿವೆಯ ಮೇಲ್ಭಾಗದ ತಂಗುಮನೆಯವರೆಗೆ 20 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಸುಲಭದ ದಿನ. ಉಳಿದ ಶಕ್ತಿಯನ್ನು ಇವತ್ತೇ ಖರ್ಚು ಮಾಡಬೇಡಿ.

ದಿನ 2. ಕೋಲ್ ದು ಬೊನೊಮ್, 2,329 ಮೀಟರ್. ಅಲ್ಲಿಂದ ಇನ್ನೂ ಮೇಲೆ ಹೋಗಿ ಲೆ ಶಾಪ್ಯೂಗೆ ದೊಡ್ಡ ಇಳಿಕೆ. ಮತ್ತೆ ಏರಿ ಕೋಲ್ ದ ಲಾ ಸೇನ್ಯ, 2,516 ಮೀಟರ್. ಅದೇ ಇಟಲಿಯ ಗಡಿ. ತಪಾಸಣೆ, ಗೇಟು ಏನೂ ಇಲ್ಲ. ಆಚೆ ಕಡೆ ಎಲಿಸಬೆತ್ತಾ ತಂಗುಮನೆ. ಇಡೀ ದಾರಿಯಲ್ಲಿ ಕಾಲನ್ನು ಹಾಳು ಮಾಡುವುದು ಲೆ ಶಾಪ್ಯೂ ಇಳಿಜಾರು. ಇಲ್ಲಿ ಓಡಬೇಕು ಅನಿಸಿದರೂ ಅರ್ಧ ನಡೆದೇ ಇಳಿಯಿರಿ.

ದಿನ 3. ಕೂರ್ಮಾಯೂರ್ ಪಟ್ಟಣಕ್ಕೆ ಇಳಿದು, ಮತ್ತೆ ಏರಿ ಬೊನಾತ್ತಿ ತಂಗುಮನೆಗೆ, ಸುಮಾರು 30 ಕಿ.ಮೀ. ಪಟ್ಟಣದಲ್ಲಿ ಔಷಧಿ ಅಂಗಡಿ, ಓಟದ ಸಾಮಾನಿನ ಅಂಗಡಿ ಎರಡೂ ಇವೆ. ಪಾದದ ಗುಳ್ಳೆಗೆ ಬೇಕಾದ್ದು ಇಲ್ಲೇ ತೆಗೆದುಕೊಳ್ಳಿ. ಅಲ್ಲಿಂದ ಮುಂದೆ ದಾರಿ ಬೆಟ್ಟದ ಸೊಂಟದಲ್ಲಿ ಹೆಚ್ಚುಕಡಿಮೆ ಸಮವಾಗಿ ಸಾಗುತ್ತದೆ. ಎಡಕ್ಕೆ ಗ್ರಾಂದ್ ಜೊರಾಸ್ ಶಿಖರಸಾಲು, 4,208 ಮೀಟರ್, ಕಣಿವೆಯ ಆಚೆ ಗೋಡೆಯಂತೆ ನಿಂತಿರುತ್ತದೆ. ಆರು ದಿನದಲ್ಲಿ ನಿಜವಾಗಿ ಓಡಿ ಸುಖಪಡುವ ಜಾಗ ಇದು.

ದಿನ 4. ಗ್ರಾನ್ ಕೋಲ್ ಫೆರೆ, 2,537 ಮೀಟರ್. ದಾಟಿದರೆ ಸ್ವಿಟ್ಜರ್ಲೆಂಡ್. ಲಾ ಫೂಲಿ ಮೂಲಕ ಶಾಂಪೆ ಕೆರೆಯವರೆಗೆ ಸುಮಾರು 35 ಕಿ.ಮೀ., ಎಲ್ಲಕ್ಕಿಂತ ಉದ್ದದ ದಿನ. ಇಳಿಜಾರು ಹದವಾಗಿದೆ, ಓಡಬಹುದು. ಸ್ವಿಸ್ ಫ್ರಾಂಕ್ ಸ್ವಲ್ಪ ಕೈಯಲ್ಲಿರಲಿ.

ದಿನ 5. ಬೊವೀನ್ ಹುಲ್ಲುಗಾವಲು, ತ್ರಿಯಾಂ ಹಳ್ಳಿ, ಆಮೇಲೆ ಕೋಲ್ ದ ಬಾಲ್ಮ್ ದಾಟಿ ಮತ್ತೆ ಫ್ರಾನ್ಸ್. ತ್ರೆ-ಲ-ಶಾಂನಲ್ಲಿ ತಂಗಿ. ಶಾಂಪೆಯಿಂದ ಫೆನೆತ್ರ್ ದಾರ್ಪೆತ್ ಅಂತ 2,665 ಮೀಟರಿನ ಇನ್ನೊಂದು ದಾರಿ ಇದೆ. ಬಂಡೆಗಳ ರಾಶಿ, ಕಡಿದಾದ ಇಳಿಕೆ. ಐದನೇ ದಿನದ ಕಾಲಿಗೆ ಅದು ಬೇಡ.

ದಿನ 6. ತ್ರೆ-ಲ-ಶಾಂ ಬಿಟ್ಟ ಮೇಲೆ ಬಂಡೆಗೆ ಜಡಿದ ಕಬ್ಬಿಣದ ಏಣಿಗಳು ಬರುತ್ತವೆ. ಎತ್ತರಕ್ಕೆ ಹೆದರುವವರು, ಅಥವಾ ಮಳೆ ಇದ್ದ ದಿನ ಯಾರೇ ಆದರೂ, ಕೋಲ್ ದೆ ಮೊಂತೆ ಕಡೆಯಿಂದ ಹೋಗುವ ಏಣಿ ಇಲ್ಲದ ದಾರಿ ಹಿಡಿಯಿರಿ. ಮುಂದೆ ಲಾ ಫ್ಲೇಜೇರ್, ಬ್ರೆವಾಂ. ಬ್ರೆವಾಂ 2,525 ಮೀಟರ್, ಲೆ ಊಶ್ 1,007. ಒಂದೇ ಉಸಿರಿಗೆ 1,500 ಮೀಟರ್ ಇಳಿಕೆ, ಅದೂ ಕೊನೆಯ ದಿನ. ತೋಟದ ಜೀಪ್ ರಸ್ತೆಯಲ್ಲಿ ಮಳೆಯಲ್ಲಿ ಹತ್ತಿ ಇಳಿದದ್ದು ಇದಕ್ಕೇ.

ಸಂಜೆ ತಂಗುಮನೆ ತಲುಪಿದ ತಕ್ಷಣ ಶೂ ಬಾಗಿಲಲ್ಲೇ ಬಿಡಬೇಕು, ಒಳಗೆ ಚಪ್ಪಲಿ ಇಟ್ಟಿರುತ್ತಾರೆ. ರಾತ್ರಿ ಊಟ ಎಲ್ಲರಿಗೂ ಒಂದೇ ಹೊತ್ತಿಗೆ, ತಡವಾದರೆ ಸಿಗದಿರಬಹುದು. ತಡವಾಗುತ್ತದೆ ಅನಿಸಿದರೆ ಫೋನ್ ಮಾಡಿ ಹೇಳಿ. ನೀವು ಬರಲಿಲ್ಲ ಅಂತ ಅವರು ಗಾಬರಿಯಾಗುತ್ತಾರೆ.

ಹಂತ 7: ನಿಲ್ಲಬೇಕಾದಾಗ ನಿಲ್ಲುವುದು

ನಮ್ಮಲ್ಲಿ ಮಳೆ ದಿನಗಟ್ಟಲೆ ಸುರಿಯುತ್ತದೆ, ಅದಕ್ಕೆ ನಾವು ಅಂಜುವುದಿಲ್ಲ. ಆಲ್ಪ್ಸ್‌ನಲ್ಲಿ ಅಂಜಬೇಕಾದ್ದು ಮಧ್ಯಾಹ್ನದ ಗುಡುಗು-ಸಿಡಿಲಿಗೆ. ಬೆಳಿಗ್ಗೆ ಬೆಳಕಾಗುತ್ತಲೇ ಹೊರಟು ಮಧ್ಯಾಹ್ನದೊಳಗೆ ಎತ್ತರದ ಕೋಲ್ ದಾಟಿಬಿಡಿ. ಮಿಂಚು ಕಂಡು ಗುಡುಗು ಕೇಳುವ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಸಿಡಿಲು 10 ಕಿ.ಮೀ. ಒಳಗಿದೆ ಅಂತ ಅರ್ಥ. ಏರುವುದನ್ನು ಬಿಟ್ಟು ಕೆಳಗೆ ಇಳಿಯಿರಿ. ಹಿಂದಿನ ಸಂಜೆ ತಂಗುಮನೆಯವರನ್ನು ಹವಾಮಾನ ಕೇಳಿ. ಅವರು 'ನಾಳೆ ಬೇಡ' ಅಂದರೆ ಬೇಡ.

ಕುರಿ ಕಾಯುವ ದೊಡ್ಡ ಬಿಳಿ ನಾಯಿ ಎದುರಾದರೆ ಓಡಬೇಡಿ. ನಡೆಯಿರಿ, ಕೋಲು ಬೀಸಬೇಡಿ, ಮಂದೆಯನ್ನು ದೂರದಿಂದ ಸುತ್ತಿ ಹೋಗಿ. ಅಲ್ಲಿ ಜಿಗಣೆ ಕಾಟ ಇಲ್ಲ, ಆದರೆ ತಗ್ಗಿನ ಹುಲ್ಲಲ್ಲಿ ಉಣ್ಣಿ ಇದೆ. ಸಂಜೆ ಸ್ನಾನ ಮಾಡುವಾಗ ಮೊಣಕಾಲಿನ ಹಿಂದೆ, ತೊಡೆಸಂದಿಯಲ್ಲಿ ನೋಡಿಕೊಳ್ಳಿ.

ತುರ್ತು ಕರೆಗೆ ಮೂರೂ ದೇಶದಲ್ಲಿ 112. ಫೋನ್ ಸಿಗದಿದ್ದರೆ ಸೀಟಿಯನ್ನೋ ದೀಪವನ್ನೋ ನಿಮಿಷಕ್ಕೆ ಆರು ಸಲ, ಆಮೇಲೆ ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಬೆಟ್ಟದಲ್ಲಿ ಸಹಾಯ ಕೇಳುವ ಗುರುತು ಇದು.

ನೋವಿಗೆ ಮಾತ್ರೆ ನುಂಗಿ ಓಡುವುದನ್ನು ನಾನು ಒಪ್ಪುವುದಿಲ್ಲ. ಇಬುಪ್ರೊಫೆನ್ ಥರದ ಮಾತ್ರೆ, ಬೆವರಿ ನೀರು ಕಡಿಮೆಯಾದ ಮೈಗೆ ಸೇರಿದರೆ ಮೂತ್ರಪಿಂಡಕ್ಕೆ ಪೆಟ್ಟು. ತೊಡೆ ಎರಡೂ ಸಮನಾಗಿ ನೋಯುತ್ತಿದ್ದರೆ ಅದು ದಣಿವು, ನಡೆದು ಮುಂದುವರಿಯಬಹುದು. ಒಂದೇ ಕಡೆ, ಒಂದೇ ಜಾಗದಲ್ಲಿ ಚುಚ್ಚಿದಂತೆ ನೋವಿದ್ದು ಇಳಿಯುವಾಗ ಜಾಸ್ತಿಯಾದರೆ ಆ ದಿನಕ್ಕೆ ನಿಲ್ಲಿಸಿ. ಈ ದಾರಿಯಲ್ಲಿ ಹಾಗೆ ನಿಲ್ಲಿಸುವುದು ಕಷ್ಟವಲ್ಲ. ಲೆ ಕೊಂತಮೀನ್, ಕೂರ್ಮಾಯೂರ್, ಲಾ ಫೂಲಿ, ಶಾಂಪೆ, ತ್ರಿಯಾಂ, ಎಲ್ಲ ಕಡೆ ಬಸ್ ಸಿಗುತ್ತದೆ. ಒಂದು ದಿನ ಬಸ್ಸಿನಲ್ಲಿ ಹೋಗಿ ಮರುದಿನ ಮತ್ತೆ ದಾರಿ ಸೇರಿಕೊಳ್ಳಬಹುದು. ಕೂರ್ಮಾಯೂರ್‌ನಿಂದ ಶಾಮೊನಿಗೆ ಬಸ್ ಹೋಗುವುದು ಮಾಂಟ್ ಬ್ಲಾಂಕ್ ಸುರಂಗದ ಮೂಲಕ. ಆ ಸುರಂಗವನ್ನು ಕೆಲವು ವರ್ಷಗಳಲ್ಲಿ ದುರಸ್ತಿಗೆ ಅಂತ ಸ್ವಲ್ಪ ಕಾಲ ಮುಚ್ಚುತ್ತಾರೆ. 2024ರಲ್ಲಿ ಸೆಪ್ಟೆಂಬರ್ ಮೊದಲ ವಾರದಿಂದಲೇ ಮುಚ್ಚಿತ್ತು. ನೀವು ಹೋಗುವ ವರ್ಷ ಹೇಗಿದೆ ಅಂತ ಟಿಕೆಟ್ ತೆಗೆಯುವ ಮುಂಚೆಯೇ ನೋಡಿಕೊಳ್ಳಿ.